ಬಣ್ಣ ಬಿಡುತ್ತಾ?

ಬೆಂಗಳೂರು–ಮೈಸೂರು ಹಳೆ ಹೆದ್ದಾರಿಯ ಪಕ್ಕದ ಚನ್ನಪಟ್ಟಣದ ಅಂಗಡಿಗಳಲ್ಲಿ ಗಿರಾಕಿಗಳು ಗಿಲಕಿಯನ್ನೋ ಬುಗುರಿಯನ್ನೋ ಕೈಗೆತ್ತಿಕೊಂಡು, ಉಗುರಿನಿಂದ ಮೆಲ್ಲಗೆ ಕೆರೆದು ಕೇಳುವ ಪ್ರಶ್ನೆ ಇದು. ಮಗು ಬಾಯಿಗಿಡುವ ವಸ್ತುವಾದ್ದರಿಂದ ಕೇಳಲೇಬೇಕು. ಆದರೆ ಪ್ರಶ್ನೆಯ ಜೊತೆಗೆ ಒಂದಿಷ್ಟು ತಪ್ಪು ತಿಳಿವಳಿಕೆಯೂ ಅಂಗಡಿಯೊಳಗೆ ಬಂದಿರುತ್ತದೆ. ಅವನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಗೊಂಬೆಗೆ ಪೇಂಟ್ ಬಳಿದು ಹೊಳಪು ತರುತ್ತಾರೆ.

ಸತ್ಯ: ಸಾಂಪ್ರದಾಯಿಕ ವಿಧಾನದಲ್ಲಿ ಕುಂಚವೂ ಇಲ್ಲ, ಟರ್ಪೆಂಟೈನೂ ಇಲ್ಲ. ಇರುವುದು ಅರಗು. ಮುತ್ತುಗ, ಬೋರೆಯಂಥ ಮರಗಳ ಎಳೆ ಕೊಂಬೆಗಳಲ್ಲಿ ರಸ ಹೀರಿ ಬದುಕುವ ಅರಗಿನ ಹುಳು ಸ್ರವಿಸುವ ರಾಳ ಅದು. ನಮ್ಮ ದೇಶದಲ್ಲಿ ಅದು ಹೆಚ್ಚಾಗಿ ಬೆಳೆಯುವುದು ಜಾರ್ಖಂಡ್, ಛತ್ತೀಸ್‌ಗಢಗಳಲ್ಲಿ. ಅರಗನ್ನು ಕಾಯಿಸಿ, ಬಣ್ಣದ ಪುಡಿ ಬೆರೆಸಿ, ಹಿಟ್ಟು ನಾದಿದಂತೆ ನಾದಿ ಕಡ್ಡಿ ಮಾಡಿಕೊಳ್ಳುತ್ತಾರೆ. ಲೇತ್ ಮೇಲೆ ಗಿರಗಿರನೆ ತಿರುಗುವ ಮರಕ್ಕೆ ಆ ಕಡ್ಡಿಯನ್ನು ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೇ ಅರಗು ಮೆತ್ತಗಾಗಿ ಮೈಗೆ ಹತ್ತುತ್ತದೆ. ಮೇಲೆ ತಾಳೆಗರಿ ಒತ್ತಿದರೆ ಪದರ ಸಮನಾಗಿ ಹರಡಿ ಮಿರಮಿರ ಹೊಳೆಯುತ್ತದೆ. ಒಣಗಲೆಂದು ಕಾಯಬೇಕಿಲ್ಲ, ಗಾಳಿಗೆ ಸೇರುವ ದ್ರಾವಕದ ಆವಿಯೂ ಇಲ್ಲ. ಉಳಿದ ಕಡ್ಡಿಯ ಮೋಟನ್ನು ಮತ್ತೆ ಕಾಯಿಸಿ ಹೊಸ ಕಡ್ಡಿಗೆ ಸೇರಿಸಬಹುದು. ಡಬ್ಬಿಯ ತಳದಲ್ಲಿ ಗಟ್ಟಿಯಾದ ಪೇಂಟನ್ನು ಎಸೆಯುವುದೊಂದೇ ದಾರಿ.

ತಪ್ಪು ಕಲ್ಪನೆ: ಮರ ಗಟ್ಟಿಯಾದಷ್ಟೂ ಗೊಂಬೆ ಒಳ್ಳೆಯದು.

ಸತ್ಯ: ಇಲ್ಲಿ ರೂಢಿಯಲ್ಲಿರುವುದು ಹಾಲೆ ಮರ. ಗಾಯವಾದರೆ ಹಾಲು ಸುರಿಸುವ, ಅಷ್ಟೇನೂ ದಪ್ಪ ಬೆಳೆಯದ ಮರ. ಬಾಗಿಲು ಚೌಕಟ್ಟಿಗೆ ಯಾರೂ ಇದನ್ನು ಹುಡುಕಿಕೊಂಡು ಹೋಗುವುದಿಲ್ಲ. ಆದರೆ ಇದರ ಎಳೆ ಸಣ್ಣ, ಮೈ ನುಣುಪು, ಬಣ್ಣ ದಂತದಂತೆ ಬಿಳುಪು. ಉಳಿ ತಾಗಿದರೆ ಸಿಗುರು ಏಳುವುದಿಲ್ಲ. ಹಳದಿ ಅರಗು ಹಚ್ಚಿದರೆ ಹಳದಿಯಾಗಿಯೇ ಕಾಣುತ್ತದೆ. ಅದೇ ಗಟ್ಟಿ ಮರವಾದ ತೇಗಕ್ಕಾದರೆ ತನ್ನದೇ ಕಂದು ಬಣ್ಣವೂ ಎಣ್ಣೆಯ ಅಂಶವೂ ಇರುತ್ತವೆ.

ಗಟ್ಟಿತನಕ್ಕಿಂತ ಮುಖ್ಯವಾದದ್ದು ಮರ ಎಷ್ಟು ಒಣಗಿದೆ ಎಂಬುದು. ಮರ ಒಣಗುವಾಗ ಎಲ್ಲ ಕಡೆಗೂ ಒಂದೇ ಸಮ ಕುಗ್ಗುವುದಿಲ್ಲ. ಬೆಳವಣಿಗೆಯ ಉಂಗುರಗಳ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯತ್ತ ಆಗುವುದರ ಸುಮಾರು ಎರಡು ಪಟ್ಟು. ಹಸಿ ಮರದಲ್ಲಿ ಗುಂಡಗೆ ಕಡೆದ ಡಬ್ಬಿ ಕೆಲವು ವಾರಗಳಲ್ಲಿ ಮೊಟ್ಟೆಯಾಕಾರಕ್ಕೆ ತಿರುಗಿ, ಮುಚ್ಚಳ ಕೂರದೆ ಹೋಗುತ್ತದೆ. ಒಣಗಿಸುವ ತಾಳ್ಮೆ ಇಲ್ಲದವರ ಸರಕಿನಲ್ಲಿ ಕಸವಾಗುವುದು ಹೊಟ್ಟಲ್ಲ, ಇಡೀ ಡಬ್ಬಿ.

ತಪ್ಪು ಕಲ್ಪನೆ: ಮರದ ಕೆಲಸದಲ್ಲಿ ಪೋಲಾಗುವುದೇನೂ ಇಲ್ಲ.

ಸತ್ಯ: ಲೇತ್ ಕೆಲಸವೆಂದರೇ ಕೆತ್ತಿ ಕಳೆಯುವ ಕೆಲಸ. ಶಾಲೆಯ ಗಣಿತವೇ ಸಾಕು. 10 ಸೆಂಟಿಮೀಟರ್ ಅಗಲದ ಚೌಕ ತುಂಡನ್ನು ಗುಂಡಗೆ ಮಾಡಿದರೆ ಉಳಿಯುವುದು ಹೆಚ್ಚೆಂದರೆ ಶೇ 78.5. ಬೊಂಬೆಯ ಆಕಾರ ಶುರುವಾಗುವ ಮೊದಲೇ ಐದರಲ್ಲೊಂದು ಪಾಲಿಗಿಂತ ಹೆಚ್ಚು ಮರ ನೆಲಕ್ಕೆ ಬಿತ್ತು. ಆ ಗುಂಡು ತುಂಡಿನಿಂದ ಶಂಕುವಿನಾಕಾರದ ಬುಗುರಿ ಕಡೆದರೆ ಉಳಿಯುವುದು ಅದರ ಮೂರನೇ ಒಂದು ಪಾಲು ಮಾತ್ರ. ಮಿಕ್ಕಿದ್ದು ಚಕ್ಕೆ, ಹೊಟ್ಟು.

ಹಾಗಾದರೆ ಉಳಿತಾಯ ಎಲ್ಲಿ? ಕಸಬರಿಗೆ ಹಿಡಿಯುವ ಮೊದಲು, ಆಕಾರ ಯೋಚಿಸುವಾಗ. ಕೊಯ್ದ ಚೌಕದ ಬದಲು ಮೊದಲೇ ದುಂಡಗಿರುವ ಕೊಂಬೆಯನ್ನು ಆರಿಸಿಕೊಂಡರೆ ಮೊದಲ ನಷ್ಟ ಬಹುಪಾಲು ತಪ್ಪುತ್ತದೆ. ತೆಳು ಕೊಂಬೆಯ ಹಾಲೆ ಈ ಕೆಲಸಕ್ಕೆ ಒಗ್ಗುವುದಕ್ಕೆ ಇದೂ ಒಂದು ಕಾರಣ. ಗೋಪುರದಂತೆ ಬಳೆ ಪೇರಿಸುವ ಆಟಿಕೆಯನ್ನೇ ತೆಗೆದುಕೊಳ್ಳಿ. ಒಂದೇ ದಪ್ಪ ತುಂಡಿನಿಂದ ಎಲ್ಲ ಬಳೆ ಕಡೆಯುವ ಬದಲು, ದೊಡ್ಡ ಬಳೆಗೆ ದಪ್ಪ ಕೊಂಬೆ, ಚಿಕ್ಕದಕ್ಕೆ ತೆಳು ಕೊಂಬೆ ಎಂದು ಹಂಚಿದರೆ ಹೊಟ್ಟು ಕಡಿಮೆಯಾಗುತ್ತದೆ. ತುದಿಯ ಮೋಟುಗಳು ಮಣಿಯೋ ಗುಂಡಿಯೋ ಆಗಬಲ್ಲವು.

ಹೊಟ್ಟಿಗೂ ಒಂದು ದಾರಿಯುಂಟು. ಕೊಪ್ಪಳ ಜಿಲ್ಲೆಯ ಕಿನ್ನಾಳಕ್ಕೆ ಹೋಗಿ. ಅಲ್ಲಿನ ಚಿತ್ರಗಾರರ ಗೊಂಬೆ ಲೇತ್ ಮೇಲೆ ತಿರುಗಿದ್ದಲ್ಲ. ಹಗುರ ಮರದಲ್ಲಿ ಕೆತ್ತಿದ್ದು. ನೆನೆಸಿ ಪುಡಿ ಮಾಡಿದ ಹಳೆ ಗೋಣಿನಾರು, ಮರದ ಹೊಟ್ಟು, ಹುಣಸೆಬೀಜದ ಅಂಟು ಕಲಸಿದ ಮುದ್ದೆ ಅಲ್ಲಿ ಮೈ ತುಂಬುವ, ಉಬ್ಬು ಮೂಡಿಸುವ ಸಾಮಗ್ರಿ. ಒಂದೂರಿನ ಕಸ ಇನ್ನೊಂದೂರಿನ ಕಚ್ಚಾವಸ್ತು.

ತಪ್ಪು ಕಲ್ಪನೆ: ವಿನ್ಯಾಸಕಾರರು ಬರೆದುಕೊಟ್ಟದ್ದನ್ನು ಮಾಡಿಕೊಡುವುದಷ್ಟೇ ಕುಶಲಕರ್ಮಿಯ ಕೆಲಸ. ಯಂತ್ರ ಬಂದರೆ ಅದು ಕೈಕಸುಬೂ ಅಲ್ಲ.

ಸತ್ಯ: ತಿರುಗುವ ಮರ ಕೊಡುವುದು ದುಂಡು ಆಕಾರ ಒಂದನ್ನೇ. ಆನೆಯ ಕಿವಿ, ಗಿಳಿಯ ಕೊಕ್ಕು ಬೇಕೆಂದರೆ ಬೇರೆ ತುಂಡು, ಬೇರೆ ಕೆಲಸ, ಒಂದು ಜೋಡಣೆ. ಕಾಗದದ ಮೇಲೆ ಒಂದು ಗೆರೆ ಸೇರಿದರೆ ಕಾರ್ಖಾನೆಯಲ್ಲಿ ಅರ್ಧ ಗಂಟೆ ಸೇರಬಹುದು. ಅದಕ್ಕೇ ಬಲ್ಲ ವಿನ್ಯಾಸಕಾರರು ಮೊದಲು ಲೇತ್ ಮುಂದೆ ಕೂತು ನೋಡುತ್ತಾರೆ, ಆಮೇಲೆ ಪೆನ್ಸಿಲ್ ಹಿಡಿಯುತ್ತಾರೆ.

ಹಗ್ಗ ಸುತ್ತಿದ ಕಮಾನು ಎಳೆದು ತಿರುಗಿಸುವ ಕೈ ಲೇತ್ ಜಾಗಕ್ಕೆ ವಿದ್ಯುತ್ ಬಂದಿದೆ, ನಿಜ. ಮೋಟರು ಮರವನ್ನು ತಿರುಗಿಸುತ್ತದಷ್ಟೆ. ಉಳಿಯ ಓರೆ, ಕಡ್ಡಿಯ ಒತ್ತಡ ಇನ್ನೂ ಕೈಯ ಲೆಕ್ಕವೇ. ಹೊಸದನ್ನು ಕಲಿಯುವುದೂ ಚನ್ನಪಟ್ಟಣಕ್ಕೆ ಹೊಸತಲ್ಲ. ಈ ಕಸುಬಿಗೆ ಟಿಪ್ಪು ಸುಲ್ತಾನ್ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಕಳೆ ಬಂತೆಂಬುದು ಊರಿನ ನಂಬಿಕೆ. ಮುಂದೆ ಬಾವಾಸ್ ಮಿಯಾ ಜಪಾನಿನ ಗೊಂಬೆ ತಯಾರಿಕೆಯ ತಂತ್ರಗಳನ್ನು ಇಲ್ಲಿನವರಿಗೆ ಕಲಿಸಿದರು. ಚನ್ನಪಟ್ಟಣದ ಗೊಂಬೆಗಳ ಪಿತಾಮಹ ಎಂದು ಇಂದಿಗೂ ನೆನೆಯುವುದು ಅವರನ್ನೇ.

ತಪ್ಪು ಕಲ್ಪನೆ: ಅರಗು ನೈಸರ್ಗಿಕ, ಆದ್ದರಿಂದ ಗೊಂಬೆ ಸುರಕ್ಷಿತ, ಬಣ್ಣವೂ ಶಾಶ್ವತ.

ಸತ್ಯ: ಶುದ್ಧೀಕರಿಸಿದ ಅರಗನ್ನು ಮಾತ್ರೆ, ಮಿಠಾಯಿಗಳ ಹೊರಲೇಪಕ್ಕೂ ಬಳಸುತ್ತಾರೆ. ಅರಗಿನ ಬಗ್ಗೆ ಚಿಂತೆ ಬೇಡ. ಅದರಲ್ಲಿ ಬೆರೆಸಿದ ಪುಡಿ ಯಾವುದು ಎಂಬುದೇ ಪ್ರಶ್ನೆ. ಅರಿಶಿನ, ನೀಲಿಯಂಥ ಸಸ್ಯಮೂಲದ ಬಣ್ಣ ಬಳಸುವವರಿದ್ದಾರೆ. ಕೃತಕ ಬಣ್ಣ ಬಳಸುವವರೂ ಇದ್ದಾರೆ. ಕಣ್ಣಿಗೆ ವ್ಯತ್ಯಾಸ ತಿಳಿಯದು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಆದರೆ ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳ ಸರಕಿಗೂ, ನೋಂದಾಯಿತ ಬಳಕೆದಾರರು ತಯಾರಿಸುವ ಭೌಗೋಳಿಕ ಸೂಚಕದ ಆಟಿಕೆಗಳಿಗೂ ವಿನಾಯಿತಿ ಉಂಟು. ಗುರುತಿಲ್ಲವೆಂದರೆ ಕೆಟ್ಟದ್ದೆಂದಲ್ಲ, ವಿನಾಯಿತಿ ಇದೆಯೆಂದರೆ ಪರೀಕ್ಷೆಯಾಗಿದೆ ಎಂದೂ ಅಲ್ಲ.

ಶಾಶ್ವತ ಎಂಬುದೂ ಸುಳ್ಳು. ಅರಿಶಿನದ ಹಳದಿ ಬಿಸಿಲಿಗೆ ಮಸುಕಾಗುತ್ತದೆ. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ, ವಾಷಿಂಗ್ ಸೋಡಾದ ನೀರಿಗೆ ಸಡಿಲವಾಗುತ್ತದೆ, ಬಿಸಿಗೆ ಮೆತ್ತಗಾಗುತ್ತದೆ. ಗಿಲಕಿಯನ್ನು ಸ್ಯಾನಿಟೈಸರ್‌ನಿಂದ ಒರೆಸಬೇಡಿ, ಹಾಲಿನ ಬಾಟಲಿಯ ಜೊತೆ ಕುದಿಸಲೂಬೇಡಿ. ತುಸು ಒದ್ದೆಯಾದ ಬಟ್ಟೆಯಲ್ಲಿ ಒರೆಸಿ, ಕೂಡಲೇ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಪಾಂಡವರ ಅರಗಿನ ಮನೆಯ ಕಥೆ ಕೇಳಿ ಬೆಳೆದವರಿಗೆ ಅರಗಿಗೂ ಬೆಂಕಿಗೂ ಇರುವ ನಂಟನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಅಂಗಡಿಯ ಪ್ರಶ್ನೆ. "ಬಣ್ಣ ಬಿಡುತ್ತಾ?" ಎಂದರೆ "ಇಲ್ಲ ಸ್ವಾಮಿ" ಎಂಬ ಉತ್ತರ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. "ಅರಗಿಗೆ ಯಾವ ಬಣ್ಣ ಬೆರೆಸಿದ್ದೀರಿ, ಮರ ಎಷ್ಟು ತಿಂಗಳು ಒಣಗಿದ್ದು?" ಎಂದು ಕೇಳಿ ನೋಡಿ. ಮಾಡಿದವನಾದರೆ ಕೈಲಿದ್ದ ಕೆಲಸ ಬಿಟ್ಟು ಮಾತಿಗೆ ಕೂರುತ್ತಾನೆ.