ಕೆಂಪಗಾಗುವ ಪ್ಲೇಟು, ಕಾಣೆಯಾಗುವ ವಾಟ್

ವಾಲ್ವಿನ ನಡುವಿನ ಹೀಟರ್ ಕಿತ್ತಳೆ ಬಣ್ಣಕ್ಕೆ ಹೊಳೆಯುವುದು ಸಹಜ. ಸುತ್ತಲಿನ ಪ್ಲೇಟೇ ಕೆಂಪಗಾಯಿತೋ, ಹ್ಯಾಮ್ ಗೆಳೆಯರು ಕೂಡಲೇ ಸ್ವಿಚ್ ಆರಿಸಬೇಕು. ಆಂಟೆನಾಕ್ಕೆ ಹೋಗಬೇಕಾದ ಶಕ್ತಿ ಗಾಜಿನ ಬುರುಡೆಯೊಳಗೇ ಬೇಯುತ್ತಿದೆ ಎಂಬುದರ ಗುರುತು ಅದು.

ಮನೆಯಲ್ಲೇ ಟ್ರಾನ್ಸ್‌ಮಿಟರ್ ಕಟ್ಟುವವರ ಹಳೆಯ ಒಡನಾಡಿ 807 ಎಂಬ ವಾಲ್ವು. 1930ರ ದಶಕದಲ್ಲಿ ಅಮೆರಿಕದ ಆರ್‌ಸಿಎ ಕಂಪನಿ ರೂಪಿಸಿದ ಇದು ಎರಡನೇ ಮಹಾಯುದ್ಧದ ಸೇನಾ ರೇಡಿಯೊಗಳಲ್ಲಿ ದುಡಿಯಿತು. ಯುದ್ಧ ಮುಗಿದ ಮೇಲೆ ಹೆಚ್ಚುವರಿ ಸಾಮಾನಾಗಿ ಅಗ್ಗಕ್ಕೆ ಹವ್ಯಾಸಿಗಳ ಕೈಸೇರಿತು. ನಮ್ಮ ಹ್ಯಾಮ್‌ಗಳೂ ಇದನ್ನು ನೆಚ್ಚಿಕೊಂಡವರೇ.

ಮೋರ್ಸ್ ಸಂಕೇತ ಕಳಿಸುವಾಗ ಪ್ಲೇಟಿಗೆ 600 ವೋಲ್ಟ್, 100 ಮಿಲಿ ಆಂಪಿಯರ್ ಕೊಟ್ಟಿರೆನ್ನಿ. ಒಳಹೋದದ್ದು 60 ವಾಟ್. ಹೊರಗೆ 40 ಬಂದರೆ ಉಳಿದ 20 ಶಾಖ. ಪ್ಲೇಟು ಸತತವಾಗಿ ತಾಳುವುದು 25 ವಾಟ್. ಉತ್ಪತ್ತಿ 30ಕ್ಕಿಳಿದು, ಕಡಿಮೆಯಾದದ್ದೆಲ್ಲ ಪ್ಲೇಟಿನ ಪಾಲಾದರೆ ವಾಲ್ವಿನ ಆಯುಸ್ಸು ಮುಗಿದಂತೆಯೇ. ತಮಾಷೆಯೆಂದರೆ, 40ಕ್ಕೂ 30ಕ್ಕೂ ಇರುವ ಅಂತರ 1.25 ಡೆಸಿಬೆಲ್ ಮಾತ್ರ. ದೂರದ ಕೇಳುಗನಿಗೆ ಅದು ತಿಳಿಯುವುದೂ ಕಷ್ಟ. ಆದ್ದರಿಂದ ದಕ್ಷತೆಯ ಚಿಂತೆ ದೊಡ್ಡ ದನಿಗಾಗಿ ಅಲ್ಲ, ವಾಲ್ವು ಉಳಿಯಲಿ ಎಂದು.

ಮೊದಲು ನೆಟ್ಟಗೆ ಅಳೆಯಿರಿ. ಬಲ್ಬ್ ಉರಿಸಿ ಅಂದಾಜು ಮಾಡುವ ರೂಢಿ ಚಂದವೇ, ಆದರೆ ಬಿಸಿಯಾದಂತೆ ಅದರ ರೋಧವೇ ಬದಲಾಗುತ್ತದೆ. 50 ಓಮ್‌ನ ಡಮ್ಮಿ ಲೋಡ್ ಜೋಡಿಸಿ. ಅದರ ಮೇಲೆ ಸುಮಾರು 45 ವೋಲ್ಟ್ (ಆರ್‌ಎಂಎಸ್) ಕಂಡರೆ 40 ವಾಟ್ ಬಂದಿದೆ.

ಬರಲಿಲ್ಲವೇ? ಗ್ರಿಡ್ ಕರೆಂಟು ನೋಡಿ. ಮೂರೂವರೆ-ನಾಲ್ಕು ಮಿಲಿ ಆಂಪಿಯರ್ ಇಲ್ಲದಿದ್ದರೆ ಹಿಂದಿನ ಹಂತವೇ ಸೋಮಾರಿ. ಸಿ ವರ್ಗದಲ್ಲಿ ವಾಲ್ವು ಅರ್ಧ ಆವರ್ತಕ್ಕಿಂತ ಕಡಿಮೆ ಹೊತ್ತು, ಅದೂ ಪ್ಲೇಟಿನ ವೋಲ್ಟೇಜು ತಗ್ಗಿದ ಗಳಿಗೆಯಲ್ಲಿ, ಕರೆಂಟು ಹರಿಸಬೇಕು. ಶ್ರುತಿ ತಪ್ಪಿದರೆ ಆ ಹೊಂದಾಣಿಕೆ ಕೆಟ್ಟು ಪ್ಲೇಟು ಕಾಯುತ್ತದೆ. ಲೋಡ್ ಕಂಡೆನ್ಸರನ್ನು ತುಸು ತಿರುಗಿಸಿದಾಗಲೆಲ್ಲ ಪ್ಲೇಟ್ ಕಂಡೆನ್ಸರ್ ತಿರುಗಿಸಿ ಮೀಟರಿನ ಮುಳ್ಳನ್ನು ಮತ್ತೆ ಕನಿಷ್ಠಕ್ಕೆ ತರಬೇಕು. ತಾಳ್ಮೆ ಬೇಡುವ ಕೆಲಸ.

ಬಹಳ ಮಂದಿ ಅಲಕ್ಷಿಸುವುದು ಕಾಯಿಲನ್ನು. ಮೇಲಿನ ಲೆಕ್ಕಕ್ಕೆ ವಾಲ್ವು ಬಯಸುವ ಲೋಡ್ ಸುಮಾರು 3000 ಓಮ್. ಅದನ್ನು 50 ಓಮ್‌ಗೆ ಇಳಿಸುವ ಪೈ ನೆಟ್‌ವರ್ಕಿಗೆ 40 ಮೀಟರ್ ಬ್ಯಾಂಡಿನಲ್ಲಿ ಪ್ಲೇಟಿನ ಕಡೆ ಸುಮಾರು 90 ಪಿಕೊಫ್ಯಾರಡ್, ಕಾಯಿಲ್ 6 ಮೈಕ್ರೊಹೆನ್ರಿ, ಆಂಟೆನಾ ಕಡೆ 530 ಪಿಕೊಫ್ಯಾರಡ್ ಬೇಕು. ಇಲ್ಲಿ ಲೋಡ್ ಸಹಿತ ಕ್ಯೂ 12. ಕಾಯಿಲಿನ ಸ್ವಂತ ಕ್ಯೂ 200 ಇದ್ದರೆ ನಷ್ಟ ಶೇ 6. ತೆಳು ತಂತಿಯಲ್ಲಿ ಸುತ್ತಿ, ಷಾಸಿಯ ತಗಡಿಗೆ ಒತ್ತಿ ಕೂರಿಸಿ 60ಕ್ಕೆ ಇಳಿಸಿದಿರೋ, ನಷ್ಟ ಶೇ 20. ಮುಟ್ಟಿದರೆ ಸುಡುವ ಕಾಯಿಲು ತಾನೇ ದೂರು ಹೇಳುತ್ತದೆ. ಮುಟ್ಟುವ ಮುನ್ನ ವಿದ್ಯುತ್ ಕಡಿದಿರಬೇಕು, ಅಷ್ಟೆ. ದಪ್ಪ ತಾಮ್ರದ ತಂತಿ, ಗಾಳಿಯಾಡುವ ಸುರುಳಿ, ಸುತ್ತ ಒಂದಿಷ್ಟು ಜಾಗ ಕೊಡಿ.

ಮಾತಿನ ಎಸ್‌ಎಸ್‌ಬಿಗೆ ಈ ಸಿ ವರ್ಗ ಒಗ್ಗದು. ಅಲ್ಲಿ ಶೇ 50-60ಕ್ಕೇ ತೃಪ್ತರಾಗಬೇಕು. ದುರಾಸೆಯಿಂದ ಬಯಸ್ ಏರಿಸಿದರೆ ದನಿ ಒಡೆದು ಪಕ್ಕದ ಸ್ಟೇಷನ್ನಿನವರ ಶಾಪ ತಟ್ಟುತ್ತದೆ.

ಸ್ವಿಚ್ ಆರಿಸಿದ ಮೇಲೂ ಫಿಲ್ಟರ್ ಕಂಡೆನ್ಸರುಗಳು 600 ವೋಲ್ಟ್ ಹಿಡಿದುಕೊಂಡಿರಬಹುದು. ಬ್ಲೀಡರ್ ರೆಸಿಸ್ಟರ್ ಇದ್ದರೂ ನಂಬದೆ ಮೀಟರಿನಲ್ಲಿ ನೋಡಿ, ಅರ್ಥ್ ಮಾಡಿ. 807ರಲ್ಲಿ ಪ್ಲೇಟಿನ ಟೋಪಿ ಇರುವುದು ನೆತ್ತಿಯ ಮೇಲೆ, ಕೈ ಮೊದಲು ತಗಲುವ ಜಾಗದಲ್ಲೇ.