ಸಣ್ಣ ಕಾಲೇಜಿನಿಂದ ದೊಡ್ಡ ವಿಶ್ವವಿದ್ಯಾನಿಲಯಕ್ಕೆ

ಮುಳಬಾಗಿಲು ತಾಲ್ಲೂಕಿನ ಆವನಿ ಪ್ರಾಚೀನವಾದ ಊರು. ನೊಳಂಬರ ಕಾಲದ ರಾಮಲಿಂಗೇಶ್ವರ ದೇವಾಲಯಗಳ ಸಮುಚ್ಚಯದಿಂದಲೂ ವಾಲ್ಮೀಕಿ ಮಹರ್ಷಿಗಳ ಆಶ್ರಮ ಇಲ್ಲಿತ್ತೆಂಬ ಐತಿಹ್ಯದಿಂದಲೂ ಅದು ನಾಡಿಗೆಲ್ಲ ಪರಿಚಿತವಾಗಿದೆ. ಹತ್ತನೆಯ ಶತಮಾನದಲ್ಲಿ ಇಲ್ಲಿಯ ಶೈವಸ್ಥಾನದ ಆಚಾರ್ಯನಾಗಿದ್ದ ತ್ರಿಭುವನಕರ್ತದೇವನು ನಲವತ್ತು ವರ್ಷ ಆ ಸ್ಥಾನವನ್ನು ನಡೆಸಿ, ಐವತ್ತು ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನೆಂದು ಶಾಸನವೊಂದು ಹೇಳುತ್ತದೆ. ಅಂದು ಒಂದೇ ಸ್ಥಾನದಲ್ಲಿ ನೆಲೆನಿಂತು ಇಷ್ಟೆಲ್ಲ ಸಾಧಿಸಬಹುದಾಗಿತ್ತು. ಇಂದಿನ ವಿದ್ಯಾರ್ಥಿಯ ಸ್ಥಿತಿ ಬೇರೆ. ಪ್ರೌಢಶಾಲೆಯನ್ನು ಹತ್ತಿರದಲ್ಲಿಯೂ ಪದವಿಯನ್ನು ಮುಳಬಾಗಿಲು ಅಥವಾ ಕೋಲಾರದಲ್ಲಿಯೂ ಮುಗಿಸಿದವನು ಮುಂದಿನ ವ್ಯಾಸಂಗಕ್ಕೆ ಬೆಂಗಳೂರಿನಂಥ ನಗರದ ವಿಶ್ವವಿದ್ಯಾನಿಲಯಕ್ಕೆ ಹೋಗಲೇಬೇಕಾದ ಸಂದರ್ಭಗಳು ಹಲವು. ಹೀಗೆ ಹೋದವರಲ್ಲಿ ಬಹುಮಂದಿ ನೆಲೆಯೂರುತ್ತಾರೆ. ಕೆಲವರು ಮೊದಲ ಆರು ತಿಂಗಳೊಳಗೇ ಹಿಂದಿರುಗುತ್ತಾರೆ. ಹಿಂದಿರುಗಿದವನ ಮನೆಯಲ್ಲಿ ಅವನ ತಮ್ಮನನ್ನಾಗಲಿ ತಂಗಿಯನ್ನಾಗಲಿ ಮತ್ತೆ ಅಷ್ಟು ದೂರ ಕಳುಹಿಸುವ ಧೈರ್ಯ ಉಳಿಯುವುದಿಲ್ಲ. ಆದುದರಿಂದ ಈ ಸ್ಥಳಾಂತರದ ಸ್ವರೂಪವೇನು, ಅದರ ಕಷ್ಟ ಎಲ್ಲಿದೆ ಎಂಬುದನ್ನು ವಿದ್ಯಾಭಿಮಾನಿಗಳೆಲ್ಲರೂ ತಿಳಿಯುವುದು ಅವಶ್ಯಕ.

ಮೊದಲು ಈ ವ್ಯವಸ್ಥೆ ಬೆಳೆದು ಬಂದ ಬಗೆಯನ್ನು ನೋಡೋಣ. ಮೈಸೂರು ಸಂಸ್ಥಾನದಲ್ಲಿ ಸ್ವಂತ ವಿಶ್ವವಿದ್ಯಾನಿಲಯವಿಲ್ಲದ ಕಾಲದಲ್ಲಿ ಇಲ್ಲಿಯ ಕಾಲೇಜುಗಳು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ನಮ್ಮ ನೆರೆಯ ಮಾಲೂರು ತಾಲ್ಲೂಕಿನವರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ೧೯೧೪ರಲ್ಲಿ ಎಂ.ಎ. ಪದವಿಯನ್ನು ಪಡೆದುದು ಮದರಾಸಿನಲ್ಲಿ. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ೧೯೬೪ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯವೂ ಸ್ಥಾಪನೆಗೊಂಡವು. ಸೆಂಟ್ರಲ್ ಕಾಲೇಜಿನಲ್ಲಿ ನೆಲೆಗೊಂಡಿದ್ದ ಬೆಂಗಳೂರು ವಿಶ್ವವಿದ್ಯಾನಿಲಯವು ೧೯೭೩ರಲ್ಲಿ ಸಾವಿರ ಎಕರೆಗೂ ಮಿಕ್ಕ ವಿಸ್ತಾರದ ಜ್ಞಾನಭಾರತಿ ಆವರಣವನ್ನು ಪ್ರವೇಶಿಸಿತು. ೨೦೧೭ರಲ್ಲಿ ಅದು ವಿಭಜನೆಗೊಂಡು, ಕೋಲಾರ ಜಿಲ್ಲೆಯ ಕಾಲೇಜುಗಳು ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಸೇರಿದವು. ಇದರ ಕೇಂದ್ರ ಕೋಲಾರದ ಟಮಕದಲ್ಲಿದೆ. ವಿಶ್ವವಿದ್ಯಾನಿಲಯವೇ ಜಿಲ್ಲೆಯ ಬಾಗಿಲಿಗೆ ಬಂದುದು ಸಂತೋಷದ ಸಂಗತಿ. ಆದರೆ ಇದರಿಂದ ಒಂದು ವ್ಯತ್ಯಾಸವೂ ಆಯಿತು. ಹಿಂದೆ ಮುಳಬಾಗಿಲಿನ ಪದವೀಧರನು ಜ್ಞಾನಭಾರತಿಗೆ ಹೋದರೆ ತನ್ನದೇ ವಿಶ್ವವಿದ್ಯಾನಿಲಯದ ಇನ್ನೊಂದು ಆವರಣಕ್ಕೆ ಹೋದಂತಾಗುತ್ತಿತ್ತು. ಈಗ ಅವನು ಕಾನೂನಿನ ದೃಷ್ಟಿಯಲ್ಲಿ ಅನ್ಯ ವಿಶ್ವವಿದ್ಯಾನಿಲಯದವನು.

ಈ ವ್ಯತ್ಯಾಸದ ಫಲ ಕಾಗದಪತ್ರಗಳಲ್ಲಿ ಕಾಣಿಸುತ್ತದೆ. ಓದಿದ ಕಾಲೇಜು ಕೊಡುವುದು ವರ್ಗಾವಣೆ ಪತ್ರ. ಒಂದು ವಿಶ್ವವಿದ್ಯಾನಿಲಯವನ್ನು ಬಿಟ್ಟು ಇನ್ನೊಂದನ್ನು ಸೇರುವವನಿಗೆ ಅದರ ಜೊತೆಗೆ ವಿಶ್ವವಿದ್ಯಾನಿಲಯವೇ ಕೊಡುವ ವಲಸೆ ಪ್ರಮಾಣಪತ್ರ ಬೇಕಾಗುತ್ತದೆ. ಇವೆರಡೂ ಒಂದೇ ಎಂದು ತಿಳಿದು, ಪ್ರವೇಶದ ದಿನ ಒಂದನ್ನು ಮಾತ್ರ ಹಿಡಿದು ನಿಲ್ಲುವವರುಂಟು. ಎಲ್ಲ ಅವಧಿಗಳ ಅಂಕಪಟ್ಟಿಗಳು, ತಾತ್ಕಾಲಿಕ ಪದವಿ ಪ್ರಮಾಣಪತ್ರ, ಶುಲ್ಕ ವಿನಾಯಿತಿಗೆ ಅಗತ್ಯವಾದ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು, ಇವನ್ನೆಲ್ಲ ಫಲಿತಾಂಶ ಬಂದ ಮೇಲೆ ಹುಡುಕಹೊರಟರೆ ಅರ್ಜಿಯ ಗಡುವು ಕೈತಪ್ಪುತ್ತದೆ. ಅನ್ಯ ವಿಶ್ವವಿದ್ಯಾನಿಲಯದವರ ಪ್ರವೇಶಕ್ಕೆ ಪ್ರತ್ಯೇಕ ನಿಯಮಗಳಿರುವುದುಂಟಾದ್ದರಿಂದ ಆಯಾ ವರ್ಷದ ಪ್ರವೇಶ ಪ್ರಕಟಣೆಯನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು.

ಪದವಿಯ ನಡುವೆಯೇ ಕಾಲೇಜು ಬದಲಿಸುವವರ ದಾರಿ ಇನ್ನೂ ಇಕ್ಕಟ್ಟಾದುದು. ಒಂದೇ ವಿಶ್ವವಿದ್ಯಾನಿಲಯದ ಎರಡು ಕಾಲೇಜುಗಳ ನಡುವೆ ಪಠ್ಯಕ್ರಮ ಸಮಾನವಾಗಿರುವುದರಿಂದ ತೊಡಕು ಕಡಿಮೆ. ವಿಶ್ವವಿದ್ಯಾನಿಲಯವೇ ಬೇರೆಯಾದಾಗ ಮೊದಲು ಓದಿದ ವಿಷಯಗಳು ಹೊಸ ಪಠ್ಯಕ್ರಮಕ್ಕೆ ಎಷ್ಟರಮಟ್ಟಿಗೆ ಸರಿಹೊಂದುತ್ತವೆಂಬುದನ್ನು ಪರಿಶೀಲಿಸಬೇಕಾಗುತ್ತದೆ. ಸರಿಹೊಂದದವುಗಳನ್ನು ಮತ್ತೆ ಓದಿ ಪರೀಕ್ಷೆ ಬರೆಯಬೇಕಾಗಬಹುದು. ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳನ್ನು ಕೂಡಿಟ್ಟು ಇನ್ನೊಂದು ಸಂಸ್ಥೆಗೆ ಒಯ್ಯಲು ಅನುಕೂಲವಾಗುವಂತೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೨೧ರಲ್ಲಿ ನಿಯಮಗಳನ್ನು ರಚಿಸಿತು. ಇತ್ತ ನಮ್ಮ ರಾಜ್ಯದಲ್ಲಿ ೨೦೨೧-೨೨ರಲ್ಲಿ ಬಂದ ನಾಲ್ಕು ವರ್ಷದ ಪದವಿ ಕ್ರಮವನ್ನು ೨೦೨೪-೨೫ರಿಂದ ಕೈಬಿಟ್ಟು ಮತ್ತೆ ಮೂರು ವರ್ಷದ ಕ್ರಮವನ್ನು ತರಲಾಯಿತು. ಅಣ್ಣ ಓದಿದ ಕ್ರಮ ತಮ್ಮನಿಗೆ ಅನ್ವಯಿಸದಿರುವ ಈ ಕಾಲದಲ್ಲಿ, ಹೋಗುವ ಸಂಸ್ಥೆಯಿಂದ ಬರಹದಲ್ಲಿ ಉತ್ತರ ಪಡೆಯದೆ ಇರುವ ಕಾಲೇಜಿನಿಂದ ವರ್ಗಾವಣೆ ಪತ್ರವನ್ನು ತೆಗೆದುಕೊಳ್ಳುವುದು ವಿವೇಕವಲ್ಲ.

ಕಾಗದಗಳ ತೊಡಕು ಹೇಗೋ ಬಗೆಹರಿಯುತ್ತದೆ. ಅದಕ್ಕಿಂತ ಆಳವಾದ ತೊಡಕುಗಳು ಮೂರು.

ಒಂದನೆಯದು, ಹೆಸರು ಇಲ್ಲವಾಗುವುದು. ಸಣ್ಣ ಕಾಲೇಜಿನಲ್ಲಿ ಎರಡು ದಿನ ತರಗತಿಗೆ ಬಾರದಿದ್ದರೆ ಮೇಷ್ಟರು ಅವನ ಊರಿನ ಹುಡುಗರನ್ನು ಕರೆದು ವಿಚಾರಿಸುತ್ತಾರೆ. ದೊಡ್ಡ ವಿಶ್ವವಿದ್ಯಾನಿಲಯದಲ್ಲಿ ಅವನೊಂದು ನೋಂದಣಿ ಸಂಖ್ಯೆ. ಅಲ್ಲಿಯ ಅಧ್ಯಾಪಕರಿಗೆ ಕರುಣೆಯಿಲ್ಲವೆಂದಲ್ಲ. ಸಣ್ಣ ಸಂಸ್ಥೆಯಲ್ಲಿ ಅಧ್ಯಾಪಕನು ವಿದ್ಯಾರ್ಥಿಯ ಬಳಿಗೆ ಬರುತ್ತಾನೆ. ದೊಡ್ಡ ಸಂಸ್ಥೆಯಲ್ಲಿ ವಿದ್ಯಾರ್ಥಿಯೇ ಅಧ್ಯಾಪಕನ ಬಾಗಿಲು ತಟ್ಟಬೇಕು. ಈ ರೀತಿಯನ್ನು ಯಾರೂ ಅವನಿಗೆ ತಿಳಿಸಿರುವುದಿಲ್ಲ. ಕೇಳುವುದು ಅವಿನಯವೆಂದು ಭಾವಿಸಿ ಅವನು ಮೌನವಾಗಿ ಹಿಂದಿನ ಸಾಲಿನಲ್ಲಿ ಕುಳಿತುಬಿಡುತ್ತಾನೆ.

ಎರಡನೆಯದು ಭಾಷೆ. ನಮ್ಮದು ಆಂಧ್ರದ ಗಡಿ. ಮುಳಬಾಗಿಲು, ಶ್ರೀನಿವಾಸಪುರಗಳ ಅನೇಕ ಹಳ್ಳಿಗಳಲ್ಲಿ ಮನೆಯ ಮಾತು ತೆಲುಗು, ಶಾಲೆಯ ಮಾತು ಕನ್ನಡ. ಸ್ನಾತಕೋತ್ತರ ತರಗತಿಯಲ್ಲಿ ಉಪನ್ಯಾಸ ಇಂಗ್ಲಿಷಿನಲ್ಲಿ ನಡೆದರೆ ಅದು ಈ ವಿದ್ಯಾರ್ಥಿಗೆ ಮೂರನೆಯ ಭಾಷೆ. ಅರ್ಥಶಾಸ್ತ್ರವನ್ನೋ ಇತಿಹಾಸವನ್ನೋ ಕನ್ನಡದಲ್ಲಿ ಚೆನ್ನಾಗಿ ಬಲ್ಲವನು ಕೂಡ, ತಾನು ಬಲ್ಲ ಸಂಗತಿಯೇ ಬೇರೆ ಹೆಸರಿನಲ್ಲಿ ಬಂದಾಗ ಗುರುತಿಸಲಾರದೆ ತನಗೆ ವಿಷಯವೇ ತಿಳಿಯದೆಂದು ಎದೆಗುಂದುತ್ತಾನೆ. ಪರಿಭಾಷೆಯ ಅಪರಿಚಯವನ್ನು ಬುದ್ಧಿಯ ಕೊರತೆಯೆಂದು ಎಣಿಸುವುದು ದೊಡ್ಡ ಭ್ರಮೆ.

ಮೂರನೆಯದು ವಸತಿ. ತರಗತಿಗಳು ಆರಂಭವಾಗುವ ದಿನಕ್ಕೂ ವಿದ್ಯಾರ್ಥಿನಿಲಯದ ಪಟ್ಟಿ ಪ್ರಕಟವಾಗುವ ದಿನಕ್ಕೂ ನಡುವೆ ಕೆಲವು ವಾರಗಳ ಅಂತರ ಬೀಳುವುದುಂಟು. ಈ ಅವಧಿಯಲ್ಲಿ ಊರಿನಿಂದ ನಿತ್ಯ ಬಸ್ಸಿನಲ್ಲಿ ಓಡಾಡುವುದು ಅಸಾಧ್ಯ. ಬಾಡಿಗೆ ಕೋಣೆಗೆ ಮುಂಗಡ ಕೊಡುವ ಶಕ್ತಿ ಮನೆಗಿರುವುದಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಂತೂ ವಸತಿ ಖಚಿತವಾಗದೆ ತಂದೆತಾಯಿಗಳು ಒಪ್ಪುವುದೇ ಇಲ್ಲ. ಹಿಂದಿರುಗುವವರಲ್ಲಿ ಎಷ್ಟೋ ಮಂದಿ ಸೋಲುವುದು ಈ ವಾರಗಳಲ್ಲಿಯೇ.

ಇದು ನಮ್ಮ ನಾಡಿಗೆ ಮಾತ್ರ ಸೀಮಿತವಾದ ಅನುಭವವೂ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ೧೯೬೦ರ ಉನ್ನತ ಶಿಕ್ಷಣ ಯೋಜನೆಯ ಪ್ರಕಾರ, ಊರಿನ ಎರಡು ವರ್ಷದ ಕಾಲೇಜಿನಲ್ಲಿ ಓದಿದವನು ಮುಂದೆ ರಾಜ್ಯದ ದೊಡ್ಡ ವಿಶ್ವವಿದ್ಯಾನಿಲಯಕ್ಕೆ ಸೇರಲು ಕ್ರಮಬದ್ಧವಾದ ಮಾರ್ಗವಿದೆ. ಇಂಥ ವಿದ್ಯಾರ್ಥಿಗಳನ್ನು ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಜಾನ್ ಹಿಲ್ಸ್ ಎಂಬ ವಿದ್ವಾಂಸರು ೧೯೬೫ರಲ್ಲಿ ಒಂದು ಮುಖ್ಯ ಸಂಗತಿಯನ್ನು ಪ್ರಕಟಿಸಿದರು. ದೊಡ್ಡ ಸಂಸ್ಥೆಗೆ ಬಂದ ಮೊದಲ ಅವಧಿಯಲ್ಲಿ ವಿದ್ಯಾರ್ಥಿಯ ಅಂಕಗಳು ಸಾಮಾನ್ಯವಾಗಿ ಕುಸಿಯುತ್ತವೆ. ಉಳಿದು ಓದಿದವರಲ್ಲಿ ಅವು ಬಹುಮಟ್ಟಿಗೆ ಮತ್ತೆ ಚೇತರಿಸಿಕೊಳ್ಳುತ್ತವೆ. ಈ ಕುಸಿತವನ್ನು ಅವರು ‘ವರ್ಗಾವಣೆಯ ಆಘಾತ’ವೆಂದು ಕರೆದರು. ನಾವು ಗ್ರಹಿಸಬೇಕಾದ ತತ್ತ್ವ ಇದೇ. ಮೊದಲ ಪರೀಕ್ಷೆಯ ಕಡಮೆ ಅಂಕಗಳು ಸ್ಥಳ ಬದಲಾದುದರ ಗುರುತೇ ಹೊರತು ಯೋಗ್ಯತೆಯ ತೀರ್ಪಲ್ಲ. ಈ ಒಂದು ಮಾತನ್ನು ಮುಂಚಿತವಾಗಿ ತಿಳಿದ ವಿದ್ಯಾರ್ಥಿ ಗಂಟುಮೂಟೆ ಕಟ್ಟುವ ಮೊದಲು ಎರಡನೆಯ ಅವಧಿಗಾಗಿ ಕಾಯುತ್ತಾನೆ.

ಹೀಗೆ ಕಾದು ಗೆದ್ದವರಿಗೆ ನಮ್ಮ ಸೀಮೆಯಲ್ಲಿಯೇ ಉಜ್ಜ್ವಲ ನಿದರ್ಶನವಿದೆ. ಡಾ. ಎಚ್. ನರಸಿಂಹಯ್ಯನವರು ೧೯೨೦ರಲ್ಲಿ, ಅಂದು ಕೋಲಾರ ಜಿಲ್ಲೆಯಲ್ಲಿದ್ದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬವೊಂದರಲ್ಲಿ ಜನಿಸಿದರು. ೧೯೩೫ರಲ್ಲಿ ಓದಿಗಾಗಿ ಹಳ್ಳಿಯಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿಯೇ ಬಂದರು. ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ೧೯೪೨ರ ಚಳವಳಿಯಲ್ಲಿ ಸೆರೆಮನೆಗೆ ಹೋಗಿ, ಮತ್ತೆ ಬಂದು ವ್ಯಾಸಂಗ ಪೂರೈಸಿದರು. ಮುಂದೆ ಅಮೆರಿಕದ ಒಹಾಯೋ ರಾಜ್ಯ ವಿಶ್ವವಿದ್ಯಾನಿಲಯದಂಥ ಬೃಹತ್ ಸಂಸ್ಥೆಯಿಂದ ೧೯೬೦ರಲ್ಲಿ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ೧೯೭೨ರಿಂದ ೧೯೭೭ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಹೊಸೂರಿನ ಹುಡುಗ ಜ್ಞಾನಭಾರತಿಯ ಮುಖ್ಯಸ್ಥನಾದದ್ದು ದೊಡ್ಡದು. ಆದರೆ ಅವರು ಕಡೆಯವರೆಗೂ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲಿಯೇ ವಾಸಿಸಿದ್ದು, ಗೌರಿಬಿದನೂರು ಬಾಗೇಪಲ್ಲಿಗಳಂಥ ಊರುಗಳಲ್ಲಿ ಕಾಲೇಜುಗಳು ಬೆಳೆಯುವಂತೆ ದುಡಿದದ್ದು ಅದಕ್ಕಿಂತ ದೊಡ್ಡದು. ದೊಡ್ಡ ಸಂಸ್ಥೆಯನ್ನು ಕಂಡವರಿಗೆ ಸಣ್ಣ ಸಂಸ್ಥೆಯ ಬೆಲೆ ಗೊತ್ತಿರುತ್ತದೆ.

ಇನ್ನು ನಮ್ಮ ಕರ್ತವ್ಯ. ಅಧ್ಯಾಪಕರು ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಪ್ರತಿ ವಿಷಯದ ಮುಖ್ಯ ಪರಿಭಾಷೆಯನ್ನು ಕನ್ನಡ ಇಂಗ್ಲಿಷ್ ಎರಡರಲ್ಲಿಯೂ ಬರೆಸಿ ರೂಢಿ ಮಾಡಿಸಬೇಕು. ಬರೆಸಿದ ಟಿಪ್ಪಣಿಯನ್ನೇ ನಂಬದೆ ಗ್ರಂಥಾಲಯದ ಮೂಲ ಪುಸ್ತಕದಿಂದ ಉತ್ತರ ಸಿದ್ಧಪಡಿಸುವುದನ್ನು ಕಲಿಸಬೇಕು. ಪ್ರಶ್ನೆ ಕೇಳುವುದು ಅವಿನಯವಲ್ಲವೆಂಬುದನ್ನು ತರಗತಿಯಲ್ಲಿಯೇ ಅಭ್ಯಾಸ ಮಾಡಿಸಬೇಕು.

ಹಿರಿಯ ವಿದ್ಯಾರ್ಥಿಗಳು ಕೊಡಬಹುದಾದದ್ದು ಹಣಕ್ಕಿಂತ ಹೆಚ್ಚಿನದು. ಬೆಂಗಳೂರಿನಲ್ಲಿ ನೆಲೆಸಿರುವವರು ಊರಿನಿಂದ ಬಂದ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಪ್ರವೇಶದ ದಿನ ಜೊತೆಯಲ್ಲಿ ಕರೆದೊಯ್ದು, ವಿಭಾಗ, ಗ್ರಂಥಾಲಯ, ಕಚೇರಿಗಳನ್ನು ತೋರಿಸಿ, ಮೊದಲ ಪರೀಕ್ಷೆಯವರೆಗೆ ವಾರಕ್ಕೊಮ್ಮೆ ವಿಚಾರಿಸಿಕೊಂಡರೆ ಸಾಕು. ಕಳೆದುಹೋದ ಹೆಸರು ಅವನಿಗೆ ಮರಳಿ ದೊರೆಯುತ್ತದೆ.

ದಾನಿಗಳಲ್ಲಿ ನಮ್ಮ ವಿನಂತಿ ಇಷ್ಟು. ನಮ್ಮ ಮಠಗಳು ಉಚಿತ ಪ್ರಸಾದನಿಲಯಗಳನ್ನು ನಡೆಸಿಕೊಂಡು ಬಂದ ಪರಂಪರೆ ನಾಡಿಗೆಲ್ಲ ತಿಳಿದದ್ದು. ಹಸಿದವನಿಗೆ ಅಕ್ಷರ ಹತ್ತುವುದಿಲ್ಲವೆಂಬ ಅರಿವೇ ಅದರ ಮೂಲ. ಬಹುಮಾನ, ಪದಕಗಳಿಗೆ ಕೊಡುವಂತೆಯೇ, ವಿದ್ಯಾರ್ಥಿನಿಲಯದಲ್ಲಿ ಸ್ಥಳ ದೊರೆಯುವವರೆಗಿನ ಆ ಕೆಲವು ವಾರಗಳ ಊಟ ವಸತಿಗೂ ಒಂದು ನಿಧಿಯನ್ನು ಮೀಸಲಿಡುವುದು ಉಚಿತ. ಪದಕ ಗೆದ್ದವನನ್ನು ಗೌರವಿಸುತ್ತದೆ. ಈ ನೆರವು ಗೆಲ್ಲುವ ಮೊದಲೇ ಹಿಂದಿರುಗಲಿದ್ದವನನ್ನು ಉಳಿಸುತ್ತದೆ. ಅಲ್ಪ ವೆಚ್ಚದ ಈ ಕಾರ್ಯವನ್ನು ಬರುವ ಪ್ರವೇಶದ ಕಾಲಕ್ಕೆ ಮುಂಚೆಯೇ ಆರಂಭಿಸಬಹುದಾಗಿದೆ.