ಬಾಲಚಿತ್ರಶಿಕ್ಷಣದಲ್ಲಿ ಪ್ರಸಿದ್ಧ ಚಿತ್ರಗಳ ವಿನಿಯೋಗ

ಪ್ರಸಿದ್ಧ ಚಿತ್ರಕಾರರ ಕೃತಿಗಳನ್ನು ಬಾಲಕರ ಮುಂದಿಡುವ ಪದ್ಧತಿಯು ಎರಡು ಬಗೆಯದು. ಚಿತ್ರವನ್ನು ಮೇಲ್ಪಂಕ್ತಿಯಾಗಿಟ್ಟು ರೇಖೆಗೆ ರೇಖೆಯನ್ನು ಸರಿಗೂಡಿಸಿ ಬರೆಯಿಸುವುದು ಒಂದು. ಚಿತ್ರಕಾರನು ನೋಡಿದ ಬಗೆಯನ್ನು ತಿಳಿಯಿಸಿ, ಬಳಿಕ ಬಾಲಕನು ತನ್ನ ಊರನ್ನು ತಾನೇ ನೋಡಿ ಬರೆಯುವಂತೆ ಮಾಡುವುದು ಮತ್ತೊಂದು. ಮೊದಲನೆಯದರಿಂದ ಕೈ ಪಳಗುವುದು. ಎರಡನೆಯದರಿಂದ ಕಣ್ಣು ತೆರೆಯುವುದು.

ಈ ಭೇದವು ಅಲ್ಪವಾದುದಲ್ಲ. ಎರಡು ತ್ರಿಕೋಣಾಕಾರದ ಗುಡ್ಡಗಳು, ಅವುಗಳ ನಡುವೆ ಸೂರ್ಯ, ಒಂದು ಹೊಳೆ, ಒಂದು ಗುಡಿಸಲು, ಒಂದು ತೆಂಗಿನ ಮರ: ಈ ಸಿದ್ಧಚಿತ್ರವು ಕನ್ನಡನಾಡಿನ ಪಾಠಶಾಲೆಗಳಲ್ಲೆಲ್ಲ ಪರಿಚಿತವಾದುದು. ತೆಂಗಿನ ತೋಟಗಳ ನಡುವೆಯೇ ಬೆಳೆದ ತುಮಕೂರು ಸೀಮೆಯ ಬಾಲಕನೂ ತನ್ನ ತೋಟದ ಮರವನ್ನು ಬಿಟ್ಟು ಈ ಸಿದ್ಧಚಿತ್ರದ ಮರವನ್ನೇ ಬರೆಯುವನಾದರೆ, ಆತನು ಕಲಿತುದು ಚಿತ್ರವಿದ್ಯೆಯಲ್ಲ, ಚಿತ್ರದ ಬಾಯಿಪಾಠ.

ಅನುಕರಣವು ಸರ್ವಥಾ ತ್ಯಾಜ್ಯವೆಂದು ಹೇಳುವಂತಿಲ್ಲ. ಡಚ್ಚರ ಚಿತ್ರಕಾರನಾದ ವಾನ್ ಗೋ 1890ರಲ್ಲಿ ಫ್ರಾನ್ಸಿನ ಮಿಲೆ ಎಂಬಾತನ ಒಂದು ಕೃತಿಯನ್ನು ಆಧರಿಸಿ "ಮೊದಲ ಹೆಜ್ಜೆಗಳು" ಎಂಬ ಚಿತ್ರವನ್ನು ಬರೆದನು. ಆತನ ಮುಂದಿದ್ದುದು ಬಣ್ಣವಿಲ್ಲದ ಛಾಯಾಚಿತ್ರ ಮಾತ್ರ. ತಂದೆಯ ಕಡೆಗೆ ಅಡಿಯಿಡುವ ಕೂಸಿನ ಸನ್ನಿವೇಶವು ಮಿಲೆಯದು. ವರ್ಣವೂ ಕುಂಚದ ನಡೆಯೂ ವಾನ್ ಗೋನವು. ನಮ್ಮ ದೇಶದಲ್ಲಿಯೂ ಮೈಸೂರು ಸಂಸ್ಥಾನದ ಕೆ. ವೆಂಕಟಪ್ಪನವರು (1886–1965) ಕಲಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದು, ಮುಂದೆ ಉದಕಮಂಡಲದ ಗಿರಿದೃಶ್ಯಗಳನ್ನು ನೀರುಬಣ್ಣದಲ್ಲಿ ಸ್ವಂತ ದೃಷ್ಟಿಯಿಂದ ಚಿತ್ರಿಸಿದರು. ಗುರುವಿನಿಂದ ಪಡೆಯತಕ್ಕುದು ರೀತಿಯೇ ಹೊರತು ವಿಷಯವಲ್ಲ.

ಈ ತತ್ತ್ವವನ್ನು ತುಮಕೂರು ಸೀಮೆಗೆ ಅನ್ವಯಿಸುವುದು ಸುಲಭ. ಜಪಾನಿನ ಹೊಕುಸಾಯ್ ಎಂಬಾತನು 1830ರ ಸುಮಾರಿನಲ್ಲಿ ಫ್ಯೂಜಿ ಪರ್ವತದ "36 ನೋಟಗಳು" ಎಂಬ ಮುದ್ರಣಚಿತ್ರಮಾಲೆಯನ್ನು ಆರಂಭಿಸಿದನು; ಕಡೆಗೆ ಅವು 46 ಆದುವು. ಪರ್ವತವೊಂದೇ, ಕಾಣುವ ಸ್ಥಳಗಳು ಬೇರೆ. ತುಮಕೂರಿನ ಬಾಲಕರು ದೇವರಾಯನದುರ್ಗವನ್ನು ಹೀಗೆಯೇ ಊರುಕೆರೆಯ ಕಡೆಯಿಂದಲೂ ಊರ್ಡಿಗೆರೆಯ ಕಡೆಯಿಂದಲೂ ನೋಡಿ ಬರೆದರೆ, ಗುಡ್ಡವು ತ್ರಿಕೋಣವಲ್ಲವೆಂಬುದು ತಾನೇ ಗೊತ್ತಾಗುವುದು.

ನೆದರ್ಲೆಂಡ್ಸಿನ ಬ್ರೂಗೆಲನ "ಬಾಲಕ್ರೀಡೆಗಳು" (1560) ಎಂಬ ಚಿತ್ರವು ಈಗ ವಿಯೆನ್ನಾ ನಗರದಲ್ಲಿದೆ. ಅದರಲ್ಲಿ 200ಕ್ಕೂ ಮಿಕ್ಕ ಮಕ್ಕಳು ಸುಮಾರು 80 ಆಟಗಳನ್ನಾಡುತ್ತಿರುವರು. ಎತ್ತರದಿಂದ ನೋಡಿದಂತೆ ಬರೆದಿರುವುದರಿಂದ ಒಬ್ಬರು ಮತ್ತೊಬ್ಬರನ್ನು ಮರೆಮಾಡುವುದು ವಿರಳ. ಈ ಉಪಾಯವನ್ನರಿತ ಗುಬ್ಬಿಯ ಬಾಲಕನು ಬುಗುರಿ, ಗೋಲಿ, ಚಿನ್ನಿದಾಂಡು, ಕುಂಟೆಬಿಲ್ಲೆಗಳನ್ನೂ ಚನ್ನಬಸವೇಶ್ವರನ ಜಾತ್ರೆಯ ಜನಸಂದಣಿಯನ್ನೂ ಒಂದೇ ಹಾಳೆಯಲ್ಲಿ ಅಡಗಿಸಬಲ್ಲನು. ಫ್ರಾನ್ಸಿನ ಮೊನೆ 1890–91ರಲ್ಲಿ ಹೊಲದ ಬಣವೆಗಳನ್ನು ಬೇರೆ ಬೇರೆ ಹೊತ್ತಿನ ಬೆಳಕಿನಲ್ಲಿ ಚಿತ್ರಿಸಿದನು. ಕುಣಿಗಲಿನ ಕೆರೆಯ ಏರಿಯು ಬೆಳಗ್ಗೆ, ನಡುಹಗಲು, ಸಂಜೆಗಳಲ್ಲಿ ಅಂಥ ಪಾಠಕ್ಕೆ ಒದಗತಕ್ಕುದು.

ಪರದೇಶದ ಮೂಲಚಿತ್ರಗಳು ಬಾಲಕರಿಗೆ ದುರ್ಲಭ. ಅಚ್ಚಿನಲ್ಲಿ ಅವುಗಳ ಪ್ರಮಾಣವೂ ವರ್ಣವೂ ಮಾರ್ಪಡುವುವು. ಆದರೆ ತುಮಕೂರಿನಿಂದ ಶಿರಾಕ್ಕೆ ಹೋಗುವ ಹೆದ್ದಾರಿಯ ಸಮೀಪದ ಸೀಬಿಯ ನರಸಿಂಹದೇವಾಲಯದ ಮಂಟಪದಲ್ಲಿ ಪುರಾಣಕಥೆಗಳನ್ನೂ ರಾಜಾಸ್ಥಾನದ ದೃಶ್ಯಗಳನ್ನೂ ಒಳಗೊಂಡ ಮೇಲ್ಛಾವಣಿಯ ಚಿತ್ರಗಳಿವೆ. ಮೂಲಕೃತಿಯ ಮುಂದೆ ತಲೆಯೆತ್ತಿ ನಿಲ್ಲುವ ಲಾಭವು ಇಲ್ಲಿ ಅರ್ಧದಿನದ ಪಯಣದಿಂದ ದೊರೆಯುವುದು.

ಪಾಠದ ಕ್ರಮವು ಹೀಗಿರಬಹುದು: ಮೊದಲು ಬಾಲಕರು ಚಿತ್ರವನ್ನು ಮೌನವಾಗಿ ನೋಡಿ, ಕಂಡುದನ್ನು ಹೇಳಬೇಕು. ಚಿತ್ರಕಾರನು ಎಲ್ಲಿ ನಿಂತು ನೋಡಿದನು, ಯಾವುದನ್ನು ಬಿಟ್ಟನು, ಬೆಳಕು ಯಾವ ಕಡೆಯಿಂದ ಬರುವುದು ಎಂಬಿವನ್ನು ಉಪಾಧ್ಯಾಯರು ಕೇಳಬೇಕು. ಬಳಿಕ ಚಿತ್ರವನ್ನು ತೆಗೆದಿಟ್ಟೇ ಬರೆಯಿಸಬೇಕು. ಅದು ಕಣ್ಣಮುಂದೆ ಉಳಿದರೆ ಕೈಯು ಅದನ್ನೇ ಹಿಂಬಾಲಿಸುವುದು. ಕೆಲಸ ಮುಗಿದ ಮೇಲೆ ಮೂಲವನ್ನು ಮತ್ತೆ ತೋರಿಸಬಹುದು. ಗುಣನಿರ್ಣಯವು ಮೂಲದ ಹೋಲಿಕೆಯಿಂದಲ್ಲ, ಬಾಲಕನು ತಾನಾಗಿ ಕಂಡುಕೊಂಡುದರಿಂದ ಆಗತಕ್ಕುದು. ನಲವತ್ತು ಮಂದಿ ಬಾಲಕರಿಂದ ನಲವತ್ತು ಬೇರೆ ಬೇರೆ ತೆಂಗಿನ ಮರಗಳು ಬಂದಲ್ಲಿ ಪಾಠವು ಸಫಲವಾಯಿತೆಂದು ತಿಳಿಯಬಹುದು.